ಮಡೆಂಜಿಯೊಳಗಿನ ಹಳದಿ ಹುಳಕ್ಕೆ ಯಾರ ಹೆಸರು?

ಮಳೆ ಹಿಡಿದು ನಾಲ್ಕು ದಿನವಾದರೆ ಸಾಕು, ನಮ್ಮ ಬಳಗದ ವಾಟ್ಸಾಪಿಗೆ ಉಬರ್ ಮೀನಿನ ಫೋಟೊಗಳು ಬರಲು ಶುರು. ಗದ್ದೆಗೆ ಹತ್ತಿದ ಮುಗುಡು, ತೋಡಿನಲ್ಲಿ ಸಿಕ್ಕಿದ ಮಡೆಂಜಿ, ಬಕೆಟ್ ತುಂಬ ಸಣ್ಣ ಮೀನು. ಅದರ ಜೊತೆಗೆ ಪ್ರತಿ ವರ್ಷ ಒಂದೆರಡು ಬೇರೆ ಥರದ ಫೋಟೊ ಕೂಡ ಬರುತ್ತದೆ: ಸೀಳಿದ ಮಡೆಂಜಿ, ಅದರ ಹೊಟ್ಟೆಯೊಳಗೆ ಭತ್ತದ ಕಾಳಿನಷ್ಟು ದೊಡ್ಡ ಹಳದಿ ಗುಳ್ಳೆಗಳು. ಗುಳ್ಳೆ ಒಡೆದರೆ ಒಳಗಿನಿಂದ ಚಪ್ಪಟೆ ಹುಳ ಹೊರಗೆ ಬಂದು ಬಟ್ಟಲಿನಲ್ಲಿ ಮೆಲ್ಲಗೆ ಮುದುಡಿ ಬಿಚ್ಚಿಕೊಳ್ಳುತ್ತದೆ. ಕೆಳಗೆ ಒಂದೇ ಸಾಲು: "ಇದು ಎಂತ ಮಾರಾಯ್ರೆ? ತಿನ್ನಬಹುದಾ?"

ಎರಡನೆಯ ಪ್ರಶ್ನೆಗೆ ಉತ್ತರ ಮೊದಲು ಹೇಳಿಬಿಡುತ್ತೇವೆ, ಯಾಕೆಂದರೆ ಹೆಚ್ಚಿನವರಿಗೆ ಬೇಕಾದದ್ದು ಅದೇ. ಗುಳ್ಳೆ ಇರುವ ಭಾಗ ತೆಗೆದು, ಮೀನನ್ನು ಚೆನ್ನಾಗಿ ಬೇಯಿಸಿದರೆ ಹುಳ ಸಾಯುತ್ತದೆ. ನಮ್ಮಲ್ಲಿ ಪುಳಿಮುಂಚಿ ಮಾಡುವಾಗ ಹಸಿ ಮೀನು ಉಳಿಯುವ ಪ್ರಶ್ನೆಯೇ ಇಲ್ಲ. ತೊಂದರೆ ಇರುವುದು ಹಸಿ ಅಥವಾ ಅರೆಬೆಂದ ಮೀನು ತಿನ್ನುವಲ್ಲಿ. ಈ ಹಳದಿ ಹುಳದ ಬಳಗದ್ದೇ ಒಂದು ಜಾತಿ, ಹಸಿ ಸಿಹಿನೀರಿನ ಮೀನು ತಿಂದವರ ಗಂಟಲಿಗೆ ಅಂಟಿಕೊಂಡ ಪ್ರಕರಣಗಳು ಜಪಾನ್, ಕೊರಿಯಾಗಳಲ್ಲಿ ದಾಖಲಾಗಿವೆ. ಥಾಯ್ಲೆಂಡ್, ಲಾವೋಸ್‌ನಲ್ಲಿ ಇನ್ನೊಂದು ಚಪ್ಪಟೆ ಹುಳ ಹಸಿ ಮೀನಿನ ಮೂಲಕ ಮನುಷ್ಯರ ಪಿತ್ತನಾಳಕ್ಕೆ ಸೇರಿ ವರ್ಷಗಟ್ಟಲೆ ಕೂತು ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಕೆಂಡದ ಮೇಲೆ ಸುಟ್ಟು ತಿನ್ನುವ ಹುಡುಗರು ಮೂಳೆಯ ಹತ್ತಿರದ ಮಾಂಸವೂ ಬೆಂದಿದೆಯಾ ಎಂದು ನೋಡಿಕೊಳ್ಳಲಿ.

ಮೊದಲನೆಯ ಪ್ರಶ್ನೆ, ಅಂದರೆ "ಇದು ಎಂತ" ಎನ್ನುವುದು, ನಮ್ಮನ್ನು ತುಂಬ ದೂರ ಕರೆದುಕೊಂಡು ಹೋಯಿತು. ನಾವು ಉಜಿರೆ, ಮೂಡುಬಿದಿರೆಯಲ್ಲಿ ಪತ್ರಿಕೋದ್ಯಮ ಓದಿದವರು. ಪ್ರಾಣಿಶಾಸ್ತ್ರ ಪಿಯುಸಿಗೆ ಮುಗಿದಿತ್ತು. ಹಾಗಾಗಿ ಕಳೆದ ಮಳೆಗಾಲ ಇಂತಹ ಒಂದು ಮಡೆಂಜಿಯನ್ನು ಐಸ್ ಹಾಕಿದ ಡಬ್ಬದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ, ಪ್ರಾಣಿಶಾಸ್ತ್ರ ಕಲಿಸುವ ಮೇಡಂ ಒಬ್ಬರ ಹತ್ತಿರ ಹೋದೆವು. ಬಸ್ಸಿನಲ್ಲಿ ಡಬ್ಬದ ವಾಸನೆಗೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡದ್ದು ಬೇರೆ ಕಥೆ. ನಮ್ಮ ತಲೆಯಲ್ಲಿ ಇದ್ದದ್ದು ಒಂದೇ ಶೀರ್ಷಿಕೆ: ಬಂಟ್ವಾಳದ ತೋಡಿನಲ್ಲಿ ಹೊಸ ಹುಳ ಪತ್ತೆ.

ಮೇಡಂ ಗುಳ್ಳೆಯೊಂದನ್ನು ಸೂಜಿಯಿಂದ ಬಿಡಿಸಿ, ಉಪ್ಪುನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು. ಬಾಯಿಯ ಸುತ್ತ ಒಂದು ಹೀರುಬಟ್ಟಲು, ಅದರ ಕೆಳಗೆ ಇನ್ನೊಂದು ದೊಡ್ಡದು. ಮಧ್ಯೆ ಎರಡು ಕವಲಾಗಿ ಹೋದ ಕರುಳು, ಅದರ ಪಕ್ಕಕ್ಕೆ ಎಲೆಯ ನರದಂತೆ ಕೊಂಬೆಗಳು.

"ಇದು ಮರಿ. ಮರಿಗೆ ಹೆಸರಿಡಲಿಕ್ಕೆ ಹೋಗಬಾರದು," ಎಂದರು.

ಅಂದರೆ? ಮೀನಿನ ಮಾಂಸದಲ್ಲಿ ಗುಳ್ಳೆ ಕಟ್ಟಿಕೊಂಡಿರುವುದು ಈ ಹುಳದ ಬಾಳಿನ ನಡುವಿನ ಒಂದು ಹಂತ ಮಾತ್ರ. ಅದು ಅಲ್ಲಿ ಕಾಯುತ್ತಾ ಕೂತಿದೆ, ಕೊಕ್ಕರೆಗೋ ಬಕಕ್ಕೋ ಆಹಾರವಾಗಲಿಕ್ಕೆ. ಹಕ್ಕಿ ಮೀನನ್ನು ನುಂಗಿದ ಮೇಲೆ ಗುಳ್ಳೆ ಬಿಚ್ಚಿ, ಹುಳ ಹಕ್ಕಿಯ ಬಾಯಿ, ಗಂಟಲಿನ ಕಡೆ ತೆವಳಿ ಅಲ್ಲೇ ದೊಡ್ಡದಾಗುತ್ತದೆ. ಮೊಟ್ಟೆ ಇಡುತ್ತದೆ. ಹಕ್ಕಿ ನೀರಿಗೆ ಕೊಕ್ಕು ಅದ್ದಿದಾಗಲೋ ಹಿಕ್ಕೆ ಹಾಕಿದಾಗಲೋ ಮೊಟ್ಟೆ ನೀರಿಗೆ ಬೀಳುತ್ತದೆ. ಅದರಿಂದ ಹೊರಬಂದ ಕಣ್ಣಿಗೆ ಕಾಣದ ಮರಿ ಗದ್ದೆಯ ಚಿಕ್ಕ ಬಸವನಹುಳುವಿನ ಮೈಯೊಳಗೆ ಹೊಕ್ಕು, ಅಲ್ಲಿ ಒಂದು ನೂರಾಗಿ, ಬಾಲ ಕಟ್ಟಿಕೊಂಡು ಪುನಃ ನೀರಿಗೆ ಬಂದು ಮೀನಿನ ಚರ್ಮ ಕೊರೆಯುತ್ತದೆ. ಹಕ್ಕಿ, ಬಸವನಹುಳು, ಮೀನು: ಮೂರು ಮನೆ. ದನ ಸಾಕುವವರಿಗೆ ಇದರ ಅರ್ಧ ಕಥೆ ಗೊತ್ತೇ ಉಂಟು. ದನಗಳ ಯಕೃತ್ತಿಗೆ ಬರುವ ಎಲೆಯಾಕಾರದ ಹುಳವೂ ಬಸವನಹುಳುವಿನ ಮೂಲಕವೇ ಹುಲ್ಲಿಗೆ ಬಂದು ದನದ ಹೊಟ್ಟೆ ಸೇರುವುದು. ಗದ್ದೆಯ ಬದಿಯ ನೀರುಹುಲ್ಲು ಕೊಯ್ದು ಹಾಕಬೇಡಿ ಎಂದು ಪಶುವೈದ್ಯರು ಹೇಳುವುದು ಅದಕ್ಕೆ.

ಚಪ್ಪಟೆ ಹುಳಗಳಲ್ಲಿ ಜಾತಿ ಯಾವುದೆಂದು ತಿಳಿಯುವುದು ಹೆಚ್ಚಾಗಿ ಸಂತಾನದ ಅಂಗಗಳಿಂದ. ಒಂದೇ ಹುಳದಲ್ಲಿ ಗಂಡು, ಹೆಣ್ಣು ಎರಡೂ ಅಂಗ ಇರುತ್ತವೆ. ವೃಷಣ ಎಲ್ಲಿದೆ, ಅಂಡಾಶಯ ಅದರ ಮುಂದಿದೆಯೋ ನಡುವೆಯೋ, ಗರ್ಭಕೋಶ ಎಷ್ಟು ಸುತ್ತು ಸುತ್ತಿದೆ, ಮೊಟ್ಟೆ ಎಷ್ಟು ಉದ್ದ, ಎಲ್ಲ ನೋಡಬೇಕು. ಮರಿಯಲ್ಲಿ ಇವು ಸರಿಯಾಗಿ ಬೆಳೆದೇ ಇರುವುದಿಲ್ಲ. ಹಾಗಾಗಿ ಮಡೆಂಜಿಯೊಳಗಿನ ಹುಳ ಯಾವ ಕುಲದ್ದು ಎನ್ನಬಹುದು, ಊರು ಯಾವುದು ಎನ್ನಲಿಕ್ಕೆ ಆಗುವುದಿಲ್ಲ. ಮೇಡಂ ಹೇಳಿದ ಕುಲದ ಹೆಸರು ಯೂಕ್ಲಿನೊಸ್ಟೋಮಮ್.

ಭಾರತದ ಮಡೆಂಜಿಗಳಲ್ಲಿ ಸಿಗುವ ಈ ಹುಳವನ್ನು ಪುಸ್ತಕಗಳು ಬಹಳ ಕಾಲದಿಂದ ಕರೆಯುತ್ತಾ ಬಂದದ್ದು ಯೂಕ್ಲಿನೊಸ್ಟೋಮಮ್ ಹೆಟೆರೊಸ್ಟೋಮಮ್ ಎಂದು. ಆ ಹೆಸರಿನ ಹುಳವನ್ನು 1809ರಲ್ಲಿ ವರ್ಣಿಸಿದ್ದು ರುಡಾಲ್ಫಿ ಎಂಬ ಯುರೋಪಿನ ವಿಜ್ಞಾನಿ, ಒಂದು ಬಕದೊಳಗೆ ಸಿಕ್ಕಿದ ಹುಳ ನೋಡಿ. ಆಫ್ರಿಕಾದ ಮೀನಿನಲ್ಲಿ ಸಿಕ್ಕಿದ್ದಕ್ಕೂ ಅದೇ ಹೆಸರು, ಏಷ್ಯಾದ್ದಕ್ಕೂ ಅದೇ. ಇನ್ನೂರು ವರ್ಷದ ಹಿಂದೆ ಎಲ್ಲಿಯೋ ಸತ್ತ ಬಕದ ಗಂಟಲಿನ ಹುಳದ ಹೆಸರು ನಮ್ಮ ಬೈಲಿನ ಮೀನಿನ ಹುಳಕ್ಕೂ ಅಂಟಿಕೊಂಡಿದೆ! ಸಾಲ ತಂದ ಅಂಗಿ ಹಾಕಿದ ಹಾಗೆ. ಸರಿ ಹೊಂದಬಹುದು, ಹೊಂದದೆಯೂ ಇರಬಹುದು. ಈಚೆಗೆ ಡಿಎನ್‌ಎ ನೋಡುವವರು ಇಂತಹ ಅಂಗಿಗಳನ್ನು ಒಂದೊಂದಾಗಿ ಬಿಚ್ಚಿಸುತ್ತಿದ್ದಾರೆ.

ಅದಕ್ಕೆ ಒಳ್ಳೆಯ ಉದಾಹರಣೆ ಬಾಳೆಮೀನಿನ ಹುಳ. ದೊಡ್ಡ ಬಾಯಿಯ ಈ ಮೀನಿನ ಗಾಳಿಚೀಲ ಬಿಡಿಸಿದರೆ ಕೆಲವೊಮ್ಮೆ ನಾಣ್ಯದಷ್ಟು ಅಗಲದ ಚಪ್ಪಟೆ ಹುಳ ಸಿಗುತ್ತದೆ, ಹೊಟ್ಟೆ ತುಂಬ ಮೀನಿನ ರಕ್ತ. ಇದರ ಕುಲಕ್ಕೆ ಐಸೊಪಾರಾರ್ಕಿಸ್ ಎಂಬ ಹೆಸರಿಟ್ಟದ್ದು ಭಾರತದಲ್ಲೇ. ಬಂಗಾಳದ ಮೀನುಗಾರಿಕೆ ಇಲಾಖೆಯಲ್ಲಿದ್ದ ಥಾಮಸ್ ಸೌತ್‌ವೆಲ್ 1913ರಲ್ಲಿ ಇಟ್ಟದ್ದು. ಅದಕ್ಕೂ ಮೊದಲೇ, 1898ರಲ್ಲಿ, ಬಿಲ್ಲೆ ಎಂಬವರು ವಿಯೆಟ್ನಾಂ ಕಡೆಯ ಮೀನಿನಿಂದ ಇಂತಹದೇ ಹುಳವನ್ನು ವರ್ಣಿಸಿದ್ದರು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎನ್ನುವುದು ನಿಯಮ. ಹಾಗಾಗಿ ಭಾರತ, ಜಪಾನ್, ಆಸ್ಟ್ರೇಲಿಯ ಎಲ್ಲ ಕಡೆಯದ್ದನ್ನೂ ಬಹುಕಾಲ ಆ ಒಂದೇ ಹೆಸರಿನ ಕೆಳಗೆ ಹಾಕಿದ್ದರು. 2014ರಲ್ಲಿ ಜಪಾನಿನ ಶಿಮಾಜು ಮತ್ತು ಹಲವು ದೇಶಗಳ ಜೊತೆಗಾರರು ಎಲ್ಲವನ್ನೂ ಮತ್ತೆ ಹರಡಿಕೊಂಡು ನೋಡಿ, ಜಪಾನಿನದು ಬೇರೆ, ಆಸ್ಟ್ರೇಲಿಯದ್ದು ಬೇರೆ ಎಂದು ಬಿಡಿಸಿ ಹೇಳಿದರು. ನೂರು ವರ್ಷ ಒಂದು ಎಂದುಕೊಂಡದ್ದು ಒಂದಲ್ಲ.

ಹೊಸ ಜಾತಿ ಎಂದು ಸಾಧಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿದಾಗ ಮೇಡಂ ಒಂದು ಮಧ್ಯಾಹ್ನ ಪೂರ್ತಿ ತೋರಿಸಿದರು. ಮೀನು ತಾಜಾ ಇರಬೇಕು. ಮೀನು ಕೊಳೆತರೆ ಹುಳವೂ ಕೊಳೆಯಿತು. ಜೀವಂತ ಹುಳವನ್ನು ಬಿಸಿ ಉಪ್ಪುನೀರಿಗೆ ಹಾಕಿದರೆ ಮುದುಡದೆ ನೇರವಾಗಿ ಸಾಯುತ್ತದೆ. ಮುದುಡಿ ಸತ್ತ ಹುಳದ ಅಳತೆ ಯಾವುದಕ್ಕೂ ಬಾರದು. ಕೆಲವನ್ನು ಡಿಎನ್‌ಎಗೆ ಎಂದು ಆಲ್ಕೋಹಾಲಿನಲ್ಲಿ ಬೇರೆ ಇಡಬೇಕು. ಉಳಿದದ್ದಕ್ಕೆ ಕೆಂಪು ಬಣ್ಣ ಕುಡಿಸಿ, ನೀರಿನ ಅಂಶ ತೆಗೆದು, ಪಾರದರ್ಶಕ ಮಾಡಿ, ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಲ್ಲಿ ಗಾಜಿನ ಮೇಲೆ ಕೂರಿಸಬೇಕು. ನಮ್ಮ ಮನೆಯ ಹೆಂಗಸರು ಉಪ್ಪಿನಕಾಯಿ ಹಾಕುವಾಗ ಇರುವಷ್ಟೇ ಎಚ್ಚರ ಇದಕ್ಕೂ ಬೇಕು, ನೀರು ತಾಗಿದರೆ ಮುಗಿಯಿತು. ಆಮೇಲೆ ಅಳತೆ. ಒಂದು ಹುಳ ಅಲ್ಲ, ಸಿಕ್ಕಿದಷ್ಟನ್ನೂ ಅಳೆದು ಅತಿ ಚಿಕ್ಕದು ಎಷ್ಟು, ಅತಿ ದೊಡ್ಡದು ಎಷ್ಟು ಎಂದು ಬರೆಯಬೇಕು. ಚಿತ್ರ ಕೈಯಲ್ಲೇ ಬಿಡಿಸಬೇಕು. ಫೋಟೊದಲ್ಲಿ ಒಂದರ ಮೇಲೊಂದು ಬಿದ್ದ ಅಂಗ ಬಿಡಿಸಿ ಕಾಣುವುದಿಲ್ಲ. ಕೊನೆಗೆ ಆ ಕುಲದಲ್ಲಿ ಈವರೆಗೆ ಪ್ರಪಂಚದಲ್ಲಿ ಎಲ್ಲಿ ಯಾರು ಏನು ವರ್ಣಿಸಿದ್ದಾರೋ ಅದನ್ನೆಲ್ಲ ಓದಿ, ಇದು ಅದಲ್ಲ, ಅದೂ ಅಲ್ಲ ಎಂದು ಒಂದೊಂದಾಗಿ ತೋರಿಸಬೇಕು. ಹೆಸರಿಗೆ ಆಧಾರವಾದ ಒಂದು ಹುಳ ಹೊಲೊಟೈಪ್. ಅದನ್ನು ಯಾರು ಬೇಕಾದರೂ ಹೋಗಿ ನೋಡುವಂತೆ ಸಂಗ್ರಹಾಲಯಕ್ಕೆ ಕೊಡಬೇಕು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯೇ ಹಾಗೆ ಹೇಳುತ್ತದೆ. ಪ್ರಾಣಿಗಳಾದರೆ ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ದೊಡ್ಡ ಭಂಡಾರ.

ಕಿವಿರಿನ ಹುಳಗಳದ್ದು ಇನ್ನೂ ಸೂಕ್ಷ್ಮ. ಅವು ಒಂದು ಮಿಲಿಮೀಟರ್ ಕೂಡ ಇಲ್ಲದ, ಬಸವನಹುಳುವಿನ ಹಂಗೇ ಇಲ್ಲದೆ ಮೀನಿನಿಂದ ಮೀನಿಗೆ ನೇರ ಹೋಗುವ ಚಪ್ಪಟೆ ಹುಳಗಳು. ಹಿಂಬದಿಯಲ್ಲಿ ಗಾಳದಂತಹ ಕೊಕ್ಕೆಗಳು. ಕೊಕ್ಕೆಯ ಬಾಗು ಎಷ್ಟು, ಬುಡ ಎಷ್ಟು ಎನ್ನುವುದರ ಮೇಲೆ ಜಾತಿ. ಇವುಗಳಲ್ಲಿ ಬಹಳಷ್ಟು ಒಂದೇ ಜಾತಿಯ ಮೀನಿಗೆ, ಹೆಚ್ಚೆಂದರೆ ಅದರ ಹತ್ತಿರದ ನೆಂಟರಿಗೆ ಅಂಟಿಕೊಂಡೇ ಬದುಕುತ್ತವೆ. ಪಶ್ಚಿಮ ಘಟ್ಟದ ಸಿಹಿನೀರಿನಲ್ಲಿ ಸುಮಾರು 300 ಜಾತಿಯ ಮೀನುಗಳಿವೆ, ಹಲವು ಬೇರೆಲ್ಲೂ ಇಲ್ಲದವು. ಲೆಕ್ಕ ನೀವೇ ಹಾಕಿ.

ನಮ್ಮ ಜಿಲ್ಲೆಯ ಮೀನುಗಳಿಗೇನೋ ಹೆಸರು ಬೇಗ ಸಿಕ್ಕಿತ್ತು. ಸೇನೆಯ ವೈದ್ಯನಾಗಿದ್ದ ಜೆರ್ಡನ್ 1849ರಲ್ಲೇ ಕೆನರಾದ ಒಂದು ಮೀನಿಗೆ ಕೆನರೆನ್ಸಿಸ್ ಎಂದು ಹೆಸರಿಟ್ಟ. ಇನ್ನೊಬ್ಬ ಸೇನಾ ವೈದ್ಯ ಫ್ರಾನ್ಸಿಸ್ ಡೇ 1870ರಲ್ಲಿ ದಕ್ಷಿಣ ಕೆನರಾದ ಮೀನುಗಳನ್ನು ವರ್ಣಿಸಿದ. ಕಪ್ಪೆಗಳ ಸರದಿ ಈಚಿನದು: 2009ರಲ್ಲಿ ಮಂಗಳೂರು ಹತ್ತಿರದ ಯೂಫ್ಲಿಕ್ಟಿಸ್ ಅಲೋಸಿ, 2018ರಲ್ಲಿ ಮಂಗಳೂರಿನ ಮರದ ದಾಸ್ತಾನಿನ ಜಾಗದಲ್ಲಿ ಸಿಕ್ಕಿದ ಪುಟ್ಟ ಕಪ್ಪೆ ಮೈಕ್ರೊಹೈಲಾ ಕೊಡಿಯಾಲ್. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಪೇಪರಿನಲ್ಲಿ ಫೋಟೊ ಬಂತು, ನಾವೂ ಹಂಚಿಕೊಂಡೆವು. ಕಪ್ಪೆಗೆ ಕಣ್ಣುಂಟು, ಫೋಟೊಕ್ಕೆ ಚೆಂದ. ಹುಳಕ್ಕೆ ಮುಖವೇ ಇಲ್ಲ. ಸುದ್ದಿಮನೆಗಳಲ್ಲಿ ಕೆಲಸ ಮಾಡಿದ ನಮಗೆ ಗೊತ್ತು, ಚಪ್ಪಟೆ ಹುಳದ ಸುದ್ದಿ ತೆಗೆದುಕೊಂಡು ಹೋದರೆ ಡೆಸ್ಕಿನವರು ಮೊದಲು ಕೇಳುವುದು "ಯಾರಿಗಾದರೂ ಕಾಯಿಲೆ ಬಂದಿದೆಯಾ?" ಎಂದು. ಬಂದಿಲ್ಲ ಎಂದರೆ ಜಾಗ ಇಲ್ಲ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳನ್ನು ನೋಡಲು ಹೋದವರು ಅಲ್ಲಿನ ಸ್ಮಾರಕವನ್ನೂ ನೋಡಿರುತ್ತೀರಿ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರಿನವರು ಅತ್ತದ್ದು ಮೀನಿಗಾಗಿ, ಅದು ಸರಿಯೇ. ಆದರೆ ಆ ದಿನ ಅಷ್ಟೂ ಮೀನುಗಳ ಕಿವಿರು, ಕರುಳು, ಗಾಳಿಚೀಲಗಳಲ್ಲಿ ಇದ್ದ ಜೀವಗಳೂ ಸತ್ತವು. ಮೀನು ಹೋದರೆ ಅದನ್ನೇ ನಂಬಿದ ಹುಳ ಇನ್ನೊಂದು ಮನೆ ಹುಡುಕಲಾರದು.

ವಿಷ ಹಾಕಿಯೇ ಆಗಬೇಕೆಂದೂ ಇಲ್ಲ. ನಮ್ಮ ಬಳಗದಲ್ಲಿ ಮೂವರ ಮನೆಯಲ್ಲಿ ಅಡಿಕೆ ತೋಟ ಇದೆ. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಬಾಯಿಪಾಠ. ಮಳೆಗೆ ಮೊದಲು ಒಂದು ಸಲ, ನಲವತ್ತೈದು ದಿನದೊಳಗೆ ಇನ್ನೊಂದು ಸಲ. ಔಷಧಿ ಬಿಡದೆ ಇದ್ದರೆ ಅಡಿಕೆ ಉಳಿಯುವುದಿಲ್ಲ, ಬಿಡಬೇಡಿ ಎಂದು ಫೋನಿನಲ್ಲಿ ಕೂತು ಉಪದೇಶ ಮಾಡುವ ಮುಖ ನಮಗಿಲ್ಲ. ಆದರೆ ಇದೇ ಮೈಲುತುತ್ತನ್ನು ಈಜಿಪ್ಟಿನ ಕಾಲುವೆಗಳಿಗೆ ಹಾಕುತ್ತಿದ್ದರು, ಬಸವನಹುಳುಗಳನ್ನು ಕೊಲ್ಲಲಿಕ್ಕೆಂದೇ. ಅಲ್ಲಿ ಬಸವನಹುಳುವಿನಿಂದ ಹೊರಬರುವ ಚಪ್ಪಟೆ ಹುಳವೊಂದು ನೀರಿಗೆ ಇಳಿದವರ ಚರ್ಮ ಕೊರೆದು ರಕ್ತ ಸೇರುತ್ತಿತ್ತು. ಬಿಲ್‌ಹಾರ್ಜಿಯಾ ಎನ್ನುವ ಕಾಯಿಲೆ ಅದು. ಈಗ ಬಂಟ್ವಾಳ, ಬೆಳ್ತಂಗಡಿಯ ಹಿರಿಯರನ್ನು ಕೇಳಿದರೆ ಗದ್ದೆಯಲ್ಲಿ ಮೊದಲಿನಷ್ಟು ನರ್ತೆ ಸಿಗುವುದಿಲ್ಲ ಎನ್ನುತ್ತಾರೆ. ಗದ್ದೆಗಳೇ ತೋಟವಾಗಿವೆ, ನಿಂತ ನೀರಿಲ್ಲ, ಬಕ ಇಳಿಯುವ ಕೆಸರಿಲ್ಲ. ಮೂರು ಮನೆಯಲ್ಲಿ ಒಂದಕ್ಕೆ ಬೀಗ ಬಿದ್ದರೂ ಹುಳದ ಸಂಸಾರ ಅಲ್ಲಿಗೆ ನಿಂತಿತು.

"ಹುಳ ಹೋದರೆ ಒಳ್ಳೆಯದೇ ಅಲ್ಲವಾ?" ಎಂದು ನಮ್ಮಲ್ಲೇ ಒಬ್ಬಳು ಕೇಳಿದಳು. ಮೇಡಂ ನಗಲಿಲ್ಲ. ಮಡೆಂಜಿಯಲ್ಲಿ ಈ ಗುಳ್ಳೆ ಸಿಕ್ಕಿತು ಎಂದರೆ ಆ ತೋಡಿಗೆ ಹಕ್ಕಿ ಬರುತ್ತದೆ, ಬಸವನಹುಳು ಬದುಕಿದೆ, ಮೀನು ಇದೆ ಎಂದು ಮೂರು ಸಾಕ್ಷಿ ಒಟ್ಟಿಗೆ ಸಿಕ್ಕಿದ ಹಾಗೆ ಎಂದರು. ನಮಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಿದೆಯೇ ಎಂದು ಕೇಳಿದರೆ, ಊಟಕ್ಕೆ ಕೂತಾಗ ಆಗುವುದಿಲ್ಲ, ತೋಡಿನ ಬದಿ ನಿಂತಾಗ ಆಗುತ್ತದೆ.

ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಹೇಳುವುದುಂಟು. ಕೆರೆಗಳ ಮೀನು ಯಾವುದು ಎಂದು ಹೇಳುವವರು ಈಗಲೂ ಸಿಗುತ್ತಾರೆ, ಅದರ ಕಿವಿರಿನಲ್ಲಿ ಏನಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ವರ್ಷಗಟ್ಟಲೆ ಕೂರುವವರು ಕಡಿಮೆ. ಆ ಕೆಲಸದಲ್ಲಿ ಹಣ ಇಲ್ಲ, ಬೇಗ ಹೆಸರೂ ಬರುವುದಿಲ್ಲ.

ಈ ಮಳೆಗಾಲ ನಿಮಗೆ ಹುಳ ಇರುವ ಮೀನು ಸಿಕ್ಕಿದರೆ ಫೋಟೊ ಕಳಿಸಿ, ಬೇಡ ಎನ್ನುವುದಿಲ್ಲ. ಆದರೆ ಫೋಟೊದಿಂದ ಹೆಚ್ಚೇನೂ ಆಗುವುದಿಲ್ಲ. ಮೀನನ್ನು ಸೀಳದೆ ಇಡೀ ಐಸಿನಲ್ಲಿಡಿ. ಫ್ರೀಜರಿನಲ್ಲಿ ಕಲ್ಲು ಮಾಡಬೇಡಿ. ಯಾವ ತೋಡು, ಯಾವ ಬೈಲು, ಯಾವ ದಿನ, ಬಲೆಯೋ ಗಾಳವೋ ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಡಬ್ಬದೊಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲು ತಾಗಿದರೆ ಅಳಿಸಿಹೋಗುತ್ತದೆ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅದೇ ದಿನ ಮುಟ್ಟಿಸಿ. ಬಸ್ಸಿನಲ್ಲಿ ಹಿಂದಿನ ಸೀಟು ಒಳ್ಳೆಯದು.