ಕಲೆ ನೀರಿನದಲ್ಲ

ಬ್ರಿಟನ್ನಿನ ಹಳೆಯ ಬೀದಿಗಳಲ್ಲಿ ಕಿಟಕಿ ತೊಳೆಯುವವರು ಏಣಿ ಹತ್ತುವುದು ಈಗ ಕಡಿಮೆಯಾಗಿದೆ. ವ್ಯಾನಿನಲ್ಲೊಂದು ನೀರಿನ ಟ್ಯಾಂಕು, ಅದರಿಂದ ಹೊರಟ ಪೈಪು, ತುದಿಗೆ ಬ್ರಷ್ ಕಟ್ಟಿದ ಉದ್ದನೆಯ ಕಾರ್ಬನ್ ಫೈಬರ್ ಕೋಲು ಇದ್ದರಾಯಿತು. ನೆಲದ ಮೇಲೆ ನಿಂತೇ ಎರಡನೆಯ ಮಹಡಿಯ ಗಾಜನ್ನು ಉಜ್ಜಿ, ನೀರು ಹಾಯಿಸಿ, ಒರೆಸದೆ ಹೊರಟುಬಿಡುತ್ತಾರೆ. ಒರೆಸಬೇಕಿಲ್ಲದಿರುವುದಕ್ಕೆ ಕಾರಣ ಆ ನೀರೇ. ನಮ್ಮ ಬೋರ್‌ವೆಲ್ ನೀರು ಸ್ಟೀಲ್ ಪಾತ್ರೆಯ ಮೇಲೆ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಗುರುತು ಅದು. ಅಡುಗೆಮನೆಯ ಆರ್‌ಒ ಯಂತ್ರ ಅವನ್ನು ಬಹುಪಾಲು ತೆಗೆಯುತ್ತದೆ. ಕಿಟಕಿಯವರು ಆರ್‌ಒ ನೀರನ್ನು ರೆಸಿನ್ ಫಿಲ್ಟರಿಗೂ ಹಾಯಿಸಿ, ಟಿಡಿಎಸ್ ಮೀಟರು ಸೊನ್ನೆ ತೋರಿಸುವಷ್ಟು ಶುದ್ಧ ಮಾಡಿಕೊಳ್ಳುತ್ತಾರೆ. ಆ ನೀರು ಆರಿದ ಮೇಲೆ ತನ್ನದೆಂದು ಏನನ್ನೂ ಬಿಟ್ಟುಹೋಗುವುದಿಲ್ಲ.

ಹಾಗಿದ್ದೂ ಹಳೆಯ ಮರದ ಚೌಕಟ್ಟಿನ ಕಿಟಕಿಗಳಲ್ಲಿ ಮಾತ್ರ ಗಾಜಿನ ಮೇಲೆ ಚುಕ್ಕೆ, ಗೆರೆಗಳು ಉಳಿಯುತ್ತವೆ ಎಂಬ ದೂರು ಹೋಗಿಲ್ಲ. ಮನೆಯವರು ಕೆಲಸಗಾರನನ್ನು ದೂರುತ್ತಾರೆ, ಕೆಲಸಗಾರ ಇನ್ನಷ್ಟು ನೀರು ಬಿಡುತ್ತಾನೆ. ನನ್ನ ಮಟ್ಟಿಗೆ ಇಬ್ಬರೂ ತಪ್ಪು ಜಾಗ ನೋಡುತ್ತಿದ್ದಾರೆ. ಅದೇ ಟ್ಯಾಂಕಿನ ನೀರು, ಅದೇ ಕೈ ಪಕ್ಕದ ಮನೆಯ ಪ್ಲಾಸ್ಟಿಕ್ ಕಿಟಕಿಯನ್ನು ಫಳಫಳ ಹೊಳೆಯಿಸಿರುವಾಗ ಕಲೆ ನೀರಿನದಾಗಲು ಸಾಧ್ಯವಿಲ್ಲ. ಅದು ಚೌಕಟ್ಟಿನಿಂದಲೇ ಇಳಿದು ಬಂದಿರಬೇಕು. ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈ ಕಿಟಕಿಗಳಲ್ಲಿ ಗಾಜನ್ನು ಹಿಡಿದಿರುವುದು ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಮಾಡಿದ ಪುಟ್ಟಿ. ಅದರ ಮೇಲೆ ಬಳಿದ ಬಣ್ಣವನ್ನು ಒಳ್ಳೆಯ ಪೇಂಟರು ಕೂದಲೆಳೆಯಷ್ಟು ಗಾಜಿನ ಮೇಲೂ ಹತ್ತಿಸುತ್ತಾನೆ. ಸಂದಿಗೆ ನೀರು ಹೋಗದಂತೆ ತಡೆಯುವುದು ಆ ಸಣ್ಣ ಅಂಚು. ಬಿಸಿಲಿಗೆ ಬಣ್ಣ ಹಣ್ಣಾದಾಗ ಬೆರಳಾಡಿಸಿದರೆ ಬಿಳಿ ಹುಡಿ ಹತ್ತುತ್ತದೆ. ಆಮೇಲೆ ಅಂಚು ಸೀಳುತ್ತದೆ, ಎಣ್ಣೆ ಬತ್ತಿದ ಪುಟ್ಟಿ ಉದುರತೊಡಗುತ್ತದೆ. ಬ್ರಷ್ಷಿನ ನೀರು ಮೇಲಿನ ಅಡ್ಡಪಟ್ಟಿಯ ಸೀಳಿನೊಳಗೆ ಸೇರಿ, ವ್ಯಾನು ಹೋದ ಎಷ್ಟೋ ಹೊತ್ತಿನ ಮೇಲೆ ಹುಡಿಯನ್ನೂ ಕೊಳೆಯನ್ನೂ ಹೊತ್ತು ಹನಿಹನಿಯಾಗಿ ಇಳಿಯುತ್ತದೆ. ಗೆರೆ ಮೇಲಿನ ಪಟ್ಟಿಯಿಂದಲೇ ಶುರುವಾಗಿದ್ದರೆ, ಬಣ್ಣ ಸೋತಿರುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ಇನ್ನೊಮ್ಮೆ ತೊಳೆಯುವುದು ಪರಿಹಾರವಲ್ಲ, ಹಾನಿ. ಮರದ ತೇವಾಂಶ ಸುಮಾರು ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಅನುಕೂಲ. ಸೀಳಿನಲ್ಲಿ ಒಳಹೋದ ನೀರು ಮಿಕ್ಕ ಬಣ್ಣದ ಪದರ ಅಡ್ಡವಿರುವುದರಿಂದ ಬೇಗ ಆರುವುದಿಲ್ಲ. ಕೆಳಪಟ್ಟಿಯ ಮೂಲೆಯ ಸಂದುಗಳು ಮೊದಲು ಮೆತ್ತಗಾಗುವುದು ಇದರಿಂದಲೇ. ಬ್ರಷ್ಷು ಹಾರಿಸುವ ಚಕ್ಕೆಗಳದ್ದು ಇನ್ನೊಂದು ಅಪಾಯ: 1960ರ ದಶಕಕ್ಕಿಂತ ಹಳೆಯ ಬಣ್ಣಗಳಲ್ಲಿ ಸೀಸ ಸಾಮಾನ್ಯ, ಆ ಚಕ್ಕೆಗಳು ಬೀಳುವುದು ಮಕ್ಕಳು ಆಡುವ ಮಣ್ಣಿಗೆ.

ನೂರೈವತ್ತು ವರ್ಷ ಮಳೆ ತಡೆದ ಕಿಟಕಿಗೆ ನಾಲ್ಕು ನಿಮಿಷದ ನೀರು ಯಾವ ಲೆಕ್ಕ ಎಂದು ಕೇಳಬಹುದು. ಬಣ್ಣ ಗಟ್ಟಿಯಿದ್ದರೆ ಯಾವ ಲೆಕ್ಕಕ್ಕೂ ಇಲ್ಲ. ಅಂಥ ಕಿಟಕಿಗೆ ಕೋಲು ಧಾರಾಳವಾಗಿ ಹೋಗಲಿ. ಆದರೆ ಮಳೆ ಮೇಲಿನಿಂದ ಬಿದ್ದು ಜಾರಿಹೋಗುತ್ತದೆ. ಕೆಳಗಿನಿಂದ ಚಿಮ್ಮುವ ನೀರು, ಉಜ್ಜುವ ಎಳೆಗಳು ಪಟ್ಟಿಯ ಅಡಿಗೂ ನುಗ್ಗುತ್ತವೆ. ಲಂಡನ್ನಿನಲ್ಲಿ 1774ರ ಕಟ್ಟಡ ಕಾಯಿದೆ ಬೆಂಕಿಯ ಭಯದಿಂದ ಸ್ಯಾಶ್ ಕಿಟಕಿಯ (ಮೇಲೆ ಕೆಳಗೆ ಜಾರುವ ಚೌಕಟ್ಟುಗಳ ಕಿಟಕಿಯ) ಮರದ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದಕ್ಕೆ ಸರಿಸಿತು. ಅದರಿಂದ ಮಳೆಯಿಂದಲೂ ಮರೆ ಸಿಕ್ಕಿತು. ಮಳೆ ಮುಟ್ಟದ ಆ ಮೂಲೆಗೆ ಬ್ರಷ್ಷು ಸಲೀಸಾಗಿ ಮುಟ್ಟುತ್ತದೆ.

ಜೀವದ ಪ್ರಶ್ನೆ ಇದಕ್ಕಿಂತ ದೊಡ್ಡದು. ಎತ್ತರದ ಕೆಲಸ ತಪ್ಪಿಸಲು ಸಾಧ್ಯವಿದ್ದಲ್ಲಿ ತಪ್ಪಿಸಲೇಬೇಕೆಂದು ಬ್ರಿಟನ್ನಿನ 2005ರ ನಿಯಮಗಳು ಹೇಳುತ್ತವೆ. ಅದು ಸರಿ, ಒಂದು ಗಾಜಿಗಾಗಿ ಯಾರೂ ಏಣಿಯಿಂದ ಬೀಳಬಾರದು. ಆದರೆ ಕೋಲು ಬಿಟ್ಟರೆ ಏಣಿಯೇ ಗತಿ ಎನ್ನುವಂತಿಲ್ಲ. ಎಡಿನ್‌ಬರೋದ ಹಳೆಯ ಮನೆಗಳಲ್ಲಿ ಸಿಂಪ್ಲೆಕ್ಸ್ ಎಂಬ ಕೀಲಿನ ಏರ್ಪಾಟಿದೆ. ಕೆಳಗಿನ ಸ್ಯಾಶನ್ನು ಬಾಗಿಲಿನಂತೆ ಒಳಕ್ಕೆ ತೆರೆದು ಕೋಣೆಯಲ್ಲೇ ನಿಂತು ಒರೆಸಬಹುದು. ಅದಿಲ್ಲದ ಕಡೆ ಕೋಲನ್ನೇ ಹಿತಮಿತವಾಗಿ ಬಳಸಲಿ: ಮೇಲಿನ ಪಟ್ಟಿಗೆ ನೀರು ತಾಗಿಸದೆ, ಅದರ ಕೆಳಗಿನಿಂದ, ಗಾಜಿನ ಮೇಲಷ್ಟೇ.

ಬಣ್ಣಕ್ಕೆ ಖರ್ಚು ಹೆಚ್ಚು ಎನ್ನುವ ಮಾತು ನಿಜ. ಆದರೆ ಒಂದು ಮೂಲೆಯ ಪುಟ್ಟಿ ಬದಲಿಸುವ ಖರ್ಚಿನ ಪಕ್ಕದಲ್ಲಿ ಕೊಳೆತ ಇಡೀ ಸ್ಯಾಶನ್ನು ಮಾಡಿಸುವ ಖರ್ಚನ್ನು ಇಟ್ಟು ನೋಡಬೇಕು. ಈ ಕಿಟಕಿಗಳನ್ನು ಮಾಡಿದ ಕಾಲದ, ನಿಧಾನವಾಗಿ ಬೆಳೆದ ಪೈನ್ ಮರದ ಬಿಗಿ ಈಗಿನ ತೋಪಿನ ಮರದಲ್ಲಿ ಸಿಗುವುದೂ ಕಷ್ಟ. ಬ್ರಿಟನ್ನಿನಲ್ಲಿ ನೆಲೆಸಿ ಇಂಥ ಮನೆ ಕೊಂಡಿರುವ ಕನ್ನಡಿಗರಿಗೆ ನನ್ನ ಕೋರಿಕೆ ಇಷ್ಟೇ: ಗಾಜಿನ ಮೇಲೆ ಗೆರೆ ಕಂಡರೆ ಅದು ಎಲ್ಲಿಂದ ಹೊರಟಿದೆ ನೋಡಿ. ಮೇಲಿನ ಪಟ್ಟಿಯಿಂದಾದರೆ ಕಿಟಕಿ ತೊಳೆದವರ ಕೂಲಿ ಹಿಡಿಯಬೇಡಿ. ಮೊದಲು ಪೇಂಟರನ್ನು ಕರೆಸಿ.