ಕೌದಿಗೆ ಕೌದಿ ಅಂತಲೇ ಬರೀರಿ

ಮಹಾರಾಷ್ಟ್ರದ ಅಕ್ಕಲಕೋಟದ ಕಡೆ ಈಚೆಗೆ ನಡೆದ ಒಂದು ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಮೇಳದಲ್ಲಿ ನಾನು ಹೊಲಿದ ಕೌದಿಯನ್ನು ಎರಡು ದಿನ ತೂಗುಹಾಕಿದ್ದೆ. ಮಾರಲಿಕ್ಕಲ್ಲ. ರಾಣೆಬೆನ್ನೂರಿನಲ್ಲಿರುವ ನನ್ನ ತಮ್ಮನಿಗೆ ಹೆಣ್ಣುಕೂಸು ಹುಟ್ಟಿ ಆಗಿನ್ನೂ ಐದು ದಿನ. ಅದರ ತೊಟ್ಟಿಲಿಗೆಂದು ಹೊಲಿದದ್ದು. ‘ಎರಡು ದಿನ ನೋಡೋರಿಗರ ಇರಲಿ, ಕೊಡ್ರಿ ಅಕ್ಕಾರ’ ಎಂದು ಗಟದ ಹೆಣ್ಣುಮಕ್ಕಳು ಕೇಳಿದ್ದಕ್ಕೆ ಒಪ್ಪಿಕೊಂಡೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕೌದಿಗೆ ಗುಂಡುಸೂಜಿಯಿಂದ ಒಂದು ಚೀಟಿ ಚುಚ್ಚಿದ್ದರು. ದೇವನಾಗರಿಯಲ್ಲಿ, ದಪ್ಪಕ್ಷರದಲ್ಲಿ: ಗೋಧಡಿ. ಬೆಳಿಗ್ಗೆ ನಾನು ‘ಕೌದಿ’ ಎಂದು ಬರೆದು ಹಚ್ಚಿದ್ದ ಚೀಟಿ ಮೇಜಿನ ಕೆಳಗೆ ಬಿದ್ದಿತ್ತು.

ಮೇಳದ ಉಸ್ತುವಾರಿ ನೋಡುತ್ತಿದ್ದ ಮೇಡಂ ಹತ್ತಿರ ಹೋಗಿ, ‘ಕೆಳಗೆ ಜಾಗ ಇದೆಯಲ್ಲ, ಕನ್ನಡದಲ್ಲೂ ಬರೆಯೋಣ’ ಎಂದು ಮರಾಠಿಯಲ್ಲೇ ಕೇಳಿದೆ. ‘ಲೋಕಾಂನಾ ಕಳಾಯಲಾ ಪಾಹಿಜೇ ನಾ, ತಾಈ’ ಅಂದರು. ಜನಕ್ಕೆ ತಿಳೀಬೇಕಲ್ಲ ಅಕ್ಕ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಗಿನಿಂದ ಎಲ್ಲರಿಗೂ ಚಹಾ ಕೊಡಿಸಿ, ಬಿಸಿಲಿಗೆ ಕೂತ ಮುದುಕಿಯರನ್ನು ನೆರಳಿಗೆ ಕರೆದು ಕೂರಿಸಿದ ಹೆಣ್ಣುಮಗಳು ಆಕೆ. ಆದರೆ ತಿಳಿಯಬೇಕಾದ ಆ ಜನ ಯಾರು? ಮೈಂದರಗಿ, ದುಧನಿ, ನಾಗಣಸೂರಿನ ಕಡೆಯಿಂದ ಬಂದವರು. ಕೌದಿಯ ಮುಂದೆ ನಿಂತು, ಅಂಚು ಹಿಡಿದು ನೋಡಿ, ‘ಕೌದಿ ಎಷ್ಟಕ್ಕ ಕೊಡ್ತೀಯವ್ವಾ?’ ಎಂದು ಕೇಳಿದವರು. ಬಾಯಲ್ಲಿ ಕೌದಿ, ಚೀಟಿಯಲ್ಲಿ ಗೋಧಡಿ.

ತಾಈ ಅಂದರೆ ಅವರಿಗೆ ಅಕ್ಕ, ನನ್ನ ಕಿವಿಗೆ ತಾಯಿ. ಹಾವೇರಿಯಿಂದ ಈ ಕಡೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ಯಾರಾದರೂ ‘ತಾಈ’ ಎಂದು ಕರೆದರೆ ನನ್ನ ಮನಸ್ಸು ಅರ್ಧ ಕರಗಿಬಿಡುತ್ತದೆ. ಮರಾಠಿ ಮನೆಗಳಲ್ಲೂ ಅಕ್ಕಾ ಇದೆ, ಅಣ್ಣಾ ಇದೆ, ಅಪ್ಪಾ ಇದೆ. ಇಷ್ಟು ಬಳಕೆ ಇರುವ ಕಡೆ ಜಗಳ ಆಡಲು ಬಾಯಿ ಬರುವುದಿಲ್ಲ. ಸುಮ್ಮನಿದ್ದರೆ ನಿದ್ದೆ ಬರುವುದಿಲ್ಲ. ಗಡಿಯಲ್ಲಿ ಬಾಳುವೆ ಮಾಡುವವರಿಗೆ ಈ ಸಂಕಟ ಗೊತ್ತು.

ಆ ಕೌದಿಗೆ ಬಟ್ಟೆ ಕೂಡಿಬಂದದ್ದು ಮೂರು ಊರಿನಿಂದ. ಹಾವೇರಿಯ ತವರಿನಿಂದ ಅವ್ವನ ಇಳಕಲ್ ಸೀರೆ ಮತ್ತು ಅಪ್ಪನ ಎರಡು ಧೋತರ. ರಾಣೆಬೆನ್ನೂರಿನಿಂದ ತಮ್ಮನ ಹಳೆಯ ಲುಂಗಿ. ಹತ್ತಿ ಬೀಜದ ಕಂಪನಿಯಲ್ಲಿ ಕೆಲಸ ಅವನಿಗೆ. ಬ್ಯಾಡಗಿಯಿಂದ, ಅವನ ಹೆಂಡತಿಯ ತವರಿನಿಂದ, ಬೀಗತಿಯ ಒಂದು ಕೈಮಗ್ಗದ ಸೀರೆ. ಅದನ್ನು ಬಿಡಿಸಿದಾಗ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ಮನೆಮಂದಿಯೆಲ್ಲ ಸೀನಿದೆವು. ಕೂಸಿಗೆ ಹೊದಿಸುವ ಬಟ್ಟೆಯಲ್ಲವೇ, ಮೂರು ಸಲ ಬಿಸಿನೀರಿನಲ್ಲಿ ಕುದಿಸಿ ಒಗೆದು ಕಡುಬಿಸಿಲಿಗೆ ಹಾಕಿದೆ.

ಕೂಸಿನ ಕೌದಿಗೆ ಹೊಸ ಬಟ್ಟೆ ಆಗದು. ಗಂಜಿ ಹೋಗಬೇಕು, ನೂಲು ಮೆತ್ತಗಾಗಬೇಕು. ಹತ್ತಿಪ್ಪತ್ತು ವರ್ಷ ಉಟ್ಟು ಒಗೆದ ಸೀರೆಗೆ ಬರುವ ಮಿದುತನವನ್ನು ಯಾವ ಗಿರಣಿಯೂ ಕೊಡಲಾರದು. ಪಾಲಿಸ್ಟರ್ ಅಂತೂ ಬೇಡವೇ ಬೇಡ, ಬೆವರು ಹೀರುವುದಿಲ್ಲ, ಮೈ ಕಾಯಿಸುತ್ತದೆ. ಅವ್ವನ ಟ್ರಂಕು ತೆರೆದಾಗ ನನಗೆ ಕಂಡದ್ದು ಅದೇ: ತಳದಲ್ಲಿ ನಾಲ್ಕು ನೂಲಿನ ಸೀರೆ, ಅದರ ಮೇಲೆ ಮಕ್ಕಳು, ನೆಂಟರು ಕೊಟ್ಟ ಮಿರಿಮಿರಿ ಪಾಲಿಸ್ಟರ್ ಸೀರೆಗಳ ರಾಶಿ. ಕೌದಿ ಕಡಿಮೆಯಾದದ್ದು ಸೂಜಿ ಹಿಡಿಯುವ ಕೈ ಕಡಿಮೆಯಾಗಿ ಮಾತ್ರ ಅಲ್ಲ, ಕೌದಿಯಾಗಬಲ್ಲ ಸೀರೆಯೇ ಕಡಿಮೆಯಾಗಿ.

ಇಳಕಲ್ ಸೀರೆಯ ಒಡಲು ನೂಲು, ಸೆರಗು ರೇಷ್ಮೆ. ನೇಯುವವರು ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಗೆರೆ ಹಿಡಿದೇ ಕತ್ತರಿಸಿದೆ. ತೋಪು ತೆನಿಯ ಕೆಂಪು ಸೆರಗನ್ನು ಮಡಿಚಿ ಕೂಸಿಗೆ ದೊಡ್ಡವಳಾದ ಮೇಲೆಂದು ತೆಗೆದಿಟ್ಟೆ. ಒಡಲಿನ ಬಟ್ಟೆ ಮೇಲ್ಪದರಕ್ಕೆ, ಧೋತರ ನಡುವೆ, ಬ್ಯಾಡಗಿಯ ಸೀರೆ ಕೆಳಗೆ. ನೆಲಕ್ಕೆ ಹಾಸಿ, ಸುಕ್ಕು ಹೋಗುವಂತೆ ಅಂಗೈಯಿಂದ ಸವರಿ, ನಾಲ್ಕು ಮೂಲೆಗೆ ಭಾರ ಇಟ್ಟು, ಅಂಚಿನಿಂದ ಹೊಲಿಗೆ ಶುರು. ಅಂಚಿನಗುಂಟ ಒಂದು ಸುತ್ತು, ಅದರೊಳಗೆ ಬೆರಳಿನಷ್ಟು ಬಿಟ್ಟು ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಡುವಿನಲ್ಲಿ ಅಂಗೈಯಗಲ ಉಳಿದಾಗ ಅವ್ವ ಸೂಜಿ ನಿಲ್ಲಿಸುತ್ತಿದ್ದಳು. ಐದು ಜೋಳದ ಕಾಳು, ಒಂದು ಚಿಟಿಕೆ ಅರಿಶಿಣ ಒಳಗಿಟ್ಟು, ‘ಕೌದಿ ಹೊಟ್ಟಿ ಹಸದಿರಬಾರದು, ಹೊದ್ದವರ ಹೊಟ್ಟಿನೂ ಹಸದಿರಬಾರದು’ ಎಂದು ಹೇಳಿ ಮುಚ್ಚುತ್ತಿದ್ದಳು. ನಾನೂ ಹಾಗೇ ಮಾಡಿದೆ. ಕಾಳು ಮಾತ್ರ ಅಕ್ಕಲಕೋಟದ ಹೊಲದ್ದು.

ಅವ್ವನಿಗೆ ಈ ವಿದ್ಯೆ ಕಲಿಸಿದವಳು ಒಬ್ಬ ಗೊಂದಲಿಗರ ಮುದುಕಿ. ಸುಗ್ಗಿ ಮುಗಿದ ಮೇಲೆ ಹಾವೇರಿಯ ನಮ್ಮ ಓಣಿಗೆ ಬಂದು, ‘ಕೌದಿ ಹೊಲಸ್ತೀರೇನ್ರವ್ವಾ’ ಎಂದು ಕೂಗುತ್ತಿದ್ದಳು. ಅವರ ಗಂಡಸರು ಅಂಬಾಭವಾನಿಯ ಗೊಂದಲ ಹಾಕುವವರು, ಹೆಂಗಸರು ಸೂಜಿದಾರದವರು. ನಮ್ಮ ಕಟ್ಟೆಯ ಮೇಲೆ ನಾಲ್ಕು ದಿನ ಕೂತು ದೊಡ್ಡ ಕೌದಿ ಹೊಲಿದು ಜೋಳ, ರೊಕ್ಕ, ಒಂದು ಹಳೆಯ ಸೀರೆ ತೆಗೆದುಕೊಂಡು ಹೋಗುತ್ತಿದ್ದಳು. ಮೊಮ್ಮಗಳೊಂದಿಗೆ ಆಕೆ ಆಡುತ್ತಿದ್ದದ್ದು ಮರಾಠಿ. ‘ನಿಮ್ಮ ಮಾತಿನಾಗ ಇದಕ್ಕ ಏನಂತೀರಿ?’ ಎಂದು ಅವ್ವ ಒಮ್ಮೆ ಕೇಳಿದಳು. ‘ಮನ್ಯಾಗ ಗೋಧಡಿ. ನಿಮ್ಮ ಓಣ್ಯಾಗ ಕೌದಿ’ ಎಂದಳು ಆ ಮುದುಕಿ, ದಾರ ಹಲ್ಲಿನಿಂದ ಕಡಿಯುತ್ತ. ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಹಾವೇರಿಯ ಓಣಿಯಲ್ಲಿ ಉಣ್ಣುವ ಅನ್ನಕ್ಕೆ ಹಾವೇರಿಯ ಮಾತಿನ ಮರ್ಯಾದೆ ಕೊಟ್ಟಿದ್ದಳು, ಮನೆಯೊಳಗೆ ತನ್ನ ಮಾತನ್ನೂ ಉಳಿಸಿಕೊಂಡಿದ್ದಳು.

ನನ್ನನ್ನು ಈ ಕಡೆ ಕೊಡುವಾಗ ಅವ್ವ ಅದನ್ನೇ ಹೇಳಿ ಕಳಿಸಿದ್ದು: ‘ಅಲ್ಲಿ ಗೋಧಡಿ ಅಂತಾರ, ಗೊತ್ತಿರಲಿ. ನೀ ಹೊಲದದ್ದು ಮಾತ್ರ ಕೌದಿ.’

ಗೋಧಡಿ ಎಂಬ ಮಾತಿನ ಮೇಲೆ ನನಗೆ ಹಗೆಯಿಲ್ಲ. ನಮ್ಮ ಪಕ್ಕದ ಮನೆಯ ಆಜಿ ಮರಾಠಿಯವರು. ನಾನು ತೊಟ್ಟಿಲ ಕೌದಿ ಹೊಲಿಯುವುದು ತಿಳಿದು, ತಮ್ಮ ಒಂಬತ್ತು ಗಜದ ಹಸಿರು ಲುಗಡೆಯ ಒಂದು ತುಂಡು ತಂದು ಮಡಿಲಿಗೆ ಹಾಕಿದರು. ‘ಬಾಳಾಚ್ಯಾ ಗೋಧಡೀಲಾ’, ಕೂಸಿನ ಗೋಧಡಿಗೆ ಎಂದರು. ಎಂಬತ್ತರ ಆ ಕೈ ನಡುಗುತ್ತಿತ್ತು. ಆ ತುಂಡನ್ನು ನಾಲ್ಕು ಮಾಡಿ, ತ್ರಿಕೋನ ಮಡಿಚಿ, ನಾಲ್ಕು ಮೂಲೆಗೆ ಹೊಲಿದೆ. ಆಜಿ ಸಾಯುವತನಕ ಅದನ್ನು ಗೋಧಡಿ ಎನ್ನಲಿ, ನೂರು ವರ್ಷ ಎನ್ನಲಿ. ಆಕೆ ತನ್ನ ಮಾತಿನಲ್ಲಿ ಕರೆಯುವುದು ಬೇರೆ, ನನ್ನ ಮಾತಿನ ಚೀಟಿ ಕಿತ್ತುಹಾಕುವುದು ಬೇರೆ. ಮೊದಲನೆಯದರಲ್ಲಿ ಮಡಿಲು ತುಂಬುತ್ತದೆ, ಎರಡನೆಯದರಲ್ಲಿ ನಮ್ಮದೇನೋ ಖಾಲಿಯಾಗುತ್ತದೆ.

ಮೇಡಂ ಹೇಳಿದ ‘ಜನಕ್ಕೆ ತಿಳೀಬೇಕಲ್ಲ’ ಎಂಬುದಕ್ಕೆ ಉತ್ತರ ಹೊಳೆದದ್ದು ರಾತ್ರಿ ಅಡುಗೆಮನೆಯಲ್ಲಿ. ಡಬ್ಬಿಯಲ್ಲಿ ಕೆಂಪು ಖಾರ. ಸೊಲ್ಲಾಪುರದ ಪೇಟೆಯಲ್ಲಿ ಕೊಂಡದ್ದು. ಅಂಗಡಿಯವನು ಏನೆಂದು ಕೊಟ್ಟ? ಬ್ಯಾಡಗಿ ಮಿರಚಿ. ಕೊಲ್ಲಾಪುರಕ್ಕೆ ಹೋಗಲಿ, ಪುಣೆಗೆ ಹೋಗಲಿ, ಅದು ಬ್ಯಾಡಗಿಯೇ. ನಾಲಿಗೆ ಸ್ವಲ್ಪ ತಿರುಗಿ ಕೆಲವರು ಬೇಡಗಿ ಎನ್ನಬಹುದು, ಹೆಸರು ಹೋಗಿಲ್ಲ. ಸುಕ್ಕುಸುಕ್ಕು ಸಿಪ್ಪೆ, ಕಡಿಮೆ ಖಾರ, ತುಂಬು ಬಣ್ಣ. 2011ರಲ್ಲಿ ಜಿಐ ಮಾನ್ಯತೆ ಬಂದದ್ದೂ ಆ ಊರ ಹೆಸರಿಗೇ. ಬ್ಯಾಡಗಿಯ ಮಾರುಕಟ್ಟೆಗೆ ಆಂಧ್ರದಿಂದ ಲಾರಿಗಟ್ಟಲೆ ಕಾಯಿ ಬರುತ್ತದೆ, ದಲಾಲರು ಆ ರೈತರೊಡನೆ ತೆಲುಗಿನಲ್ಲೇ ಮಾತಾಡುತ್ತಾರೆ. ಅದರಿಂದ ಯಾರ ಮಾತೂ ಸಣ್ಣದಾಗಿಲ್ಲ. ಇಲ್ಲಿಯ ಜನಕ್ಕೆ ‘ಬ್ಯಾಡಗಿ’ ತಿಳಿಯುತ್ತದೆ. ಯಾಕೆಂದರೆ ಮಾರುವವನು ಅಂಜದೆ ಅದೇ ಹೆಸರು ಹೇಳುತ್ತಾನೆ, ಕೊಳ್ಳುವವನು ಅದೇ ಹೆಸರು ಕಲಿಯುತ್ತಾನೆ.

ನಾವೇನು ಕಡಿಮೆ ಮಾಡಿದ್ದೇವೆ? ಸೊಲ್ಲಾಪುರದ ಚಾದರ ಹಾವೇರಿಯ ಮನೆಮನೆಯಲ್ಲಿದೆ. ಅದನ್ನು ನೇಯ್ದವರಲ್ಲಿ ಬಹಳ ಮಂದಿ ತೆಲುಗು ಮನೆಮಾತಿನ ಪದ್ಮಶಾಲಿಗಳು. ಆ ಚಾದರಕ್ಕೂ ಜಿಐ ಮಾನ್ಯತೆಯಿದೆ. ಹಾವೇರಿ ಪೇಟೆಯಲ್ಲಿ ಯಾರೂ ಅದರ ಹೆಸರು ಹರಿದು ‘ಹೊದಿಕೆ’ ಎಂದು ಚೀಟಿ ಹಚ್ಚಿಲ್ಲ. ಸೊಲ್ಲಾಪುರಿ ಚಾದರ ಅಂದರೆ ಸೊಲ್ಲಾಪುರಿ ಚಾದರವೇ. ಹಾವೇರಿಯ ನೆರೆಯ ಮುಂಡಗೋಡ, ಅದರಾಚೆಯ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯ ‘ಫೂಲ’ ಇಡದೆ ಅವರ ಕವಂದಿ ಪೂರ್ತಿಯಾಗುವುದಿಲ್ಲ. ಆ ಕವಂದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋದವು, ಹೆಸರು ಬಿಟ್ಟು ಹೋಗಲಿಲ್ಲ. ಅಷ್ಟು ಸಮುದ್ರ ದಾಟಿದ ಮಾತು ಅಲ್ಲಿಯವರಿಗೆ ತಿಳಿಯಿತು. ನನ್ನ ಕೌದಿ ದಾಟಿದ್ದು ರಾಜ್ಯದ ಗಡಿಯೊಂದನ್ನೇ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ತವರಿಗೆ ಹೋಗಿದ್ದೆ. ಅಂಥ ಕಡೆ ಗಡಿಯ ಮಾತು ಬಂದರೆ ಊರು, ನೀರು, ಶಾಲೆಗಳ ಮಾತು ಬರುತ್ತದೆ. ಬರಲೇಬೇಕು. ಆದರೆ ಭಾಷೆ ಮೊದಲು ಬಿಡುವುದು ಶಾಲೆಯಲ್ಲಲ್ಲ, ಕೈಕೆಲಸದಲ್ಲಿ. ಕೌದಿ ಗೋಧಡಿಯಾದ ಮೇಲೆ ಸೂಜಿ, ದಾರ, ಅಂಚು, ಪದರ ಒಂದೊಂದಾಗಿ ಹಿಂದೆ ಹೋಗುತ್ತವೆ. ಮಗಳು ಕೆಲಸ ಕಲಿಯುತ್ತಾಳೆ, ಆದರೆ ಅದನ್ನು ಹೇಳಲಿಕ್ಕೆ ಅವಳಲ್ಲಿ ತಾಯಿಯ ಮಾತು ಇರುವುದಿಲ್ಲ.

ಎರಡನೆಯ ದಿನ ಮೇಳ ಮುಗಿದ ಮೇಲೆ ಚೀಟಿ ಬಿಚ್ಚಿ ಮೇಡಂ ಕೈಗೆ ಕೊಟ್ಟೆ, ಕೌದಿ ಮನೆಗೆ ತಂದೆ. ದೀಪ ಹಚ್ಚಿ, ಕೆಂಪು ದಾರ ಪೋಣಿಸಿ, ಹಿಂಬದಿಯ ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಎರಡಕ್ಷರ ಹೊಲಿದೆ: ಕೌದಿ. ಚುಚ್ಚಿದ ಚೀಟಿ ಕೀಳಬಹುದು, ಹೊಲಿದದ್ದನ್ನು ಕೀಳಬೇಕಾದರೆ ಕೌದಿಯನ್ನೇ ಬಿಚ್ಚಬೇಕು. ಬೆಳಿಗ್ಗೆ ಆಜಿ ನೋಡಲು ಬಂದರು. ತಮ್ಮ ಲುಗಡೆಯ ಹಸಿರು ಮೂಲೆಗಳನ್ನು ಒಂದೊಂದಾಗಿ ಮುಟ್ಟಿದರು. ಕೆಂಪು ಅಕ್ಷರದ ಮೇಲೆ ಬೆರಳಾಡಿಸಿ ಏನೆಂದು ಕೇಳಿದರು. ಹೇಳಿದೆ. ‘ಕೌದಿ’ ಎಂದು ಒಂದು ಸಲ ಮೆಲ್ಲಗೆ ಅಂದು, ತಲೆಯಾಡಿಸಿದರು. ಆ ಒಂದು ಸಲಕ್ಕೆ ನನ್ನ ಎರಡು ದಿನದ ನೋವು ಅರ್ಧ ಇಳಿಯಿತು.

ಕೂಸಿಗೆ ಹೆಸರಿಡುವ ದಿನಕ್ಕೆಂದು ಸೊಲ್ಲಾಪುರದಲ್ಲಿ ರೈಲು ಹತ್ತಿ, ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ ದಾಟಿ ಹಾವೇರಿಯಲ್ಲಿ ಇಳಿದೆ. ಅವ್ವ ತೊಟ್ಟಿಲಿಗೆ ಕಟ್ಟಲು ಒಂದು ಎಳೆ ಏಲಕ್ಕಿ ಮಾಲೆ ತಂದಿಟ್ಟಿದ್ದಳು. ಮರುದಿನ ಇಬ್ಬರೂ ಮೋಟೆಬೆನ್ನೂರಿನ ಮೇಲಿಂದ ಬ್ಯಾಡಗಿಗೆ ಹೋದೆವು. ಊರಿಗೆಲ್ಲ ಮೆಣಸಿನಕಾಯಿಯ ಘಾಟು. ಬಾಣಂತಿಯ ಕೋಣೆಯ ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ್ದರು. ಒಳಗೆ ಲೋಬಾನದ ಹೊಗೆ, ಏಲಕ್ಕಿಯ ಪರಿಮಳ, ಕೂಸಿನ ಎಣ್ಣೆಯ ವಾಸನೆ. ತೊಟ್ಟಿಲಲ್ಲಿ ಮಲಗಿಸಿ, ಸೋದರತ್ತೆಯಾದ ನನ್ನನ್ನು ಬಾಗಿಸಿದರು. ಕಿವಿಯಲ್ಲಿ ಹೆಸರು ಹೇಳಿದೆ, ಹೆಂಗಸರೆಲ್ಲ ನಕ್ಕು ನನ್ನ ಬೆನ್ನಿಗೆ ಗುದ್ದಿದರು. ಹೆಸರಿಡುವ ಹಕ್ಕು ಅತ್ತೆಯದು ಎಂದು ಹಿರಿಯರು ಯಾಕೆ ಮಾಡಿದರೋ, ಆ ಗಳಿಗೆಯಲ್ಲಿ ನನಗೆ ಗಂಟಲು ಕಟ್ಟಿತು.

ಕೌದಿ ಹೊದಿಸುವಾಗ ಬೀಗತಿ ಹಿಂಬದಿಯ ಅಕ್ಷರ ನೋಡಿದರು. ಬೆಳಕಿಗೆ ಹಿಡಿದು ಓದಿದರು. ಅವರ ಮುಖದಲ್ಲಿ ನಿಜವಾದ ಅಚ್ಚರಿ.

‘ಅಲ್ರೀ ಅಕ್ಕಾರ, ಕೌದಿ ಮ್ಯಾಲ ಕೌದಿ ಅಂತ ಯಾಕ ಬರದೀರಿ? ಮೆಣಸಿನಕಾಯಿ ಮ್ಯಾಲ ಯಾರರ ಮೆಣಸಿನಕಾಯಿ ಅಂತ ಬರೀತಾರೇನು?’

ಬ್ಯಾಡಗಿಯಲ್ಲಿ ಹುಟ್ಟಿ, ಬ್ಯಾಡಗಿಯಲ್ಲೇ ಬಾಳಿದ ಆ ತಾಯಿಗೆ ಆ ಚೀಟಿಯ ಕತೆ ಎಲ್ಲಿಂದ ಹೇಳಲಿ? ‘ನಮ್ಮ ಕಡೆ ಬರೀಬೇಕಾಗ್ತದ್ರೀ’ ಅಂದೆ. ಕೂಸು ಹಸಿರು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿತ್ತು.