ಹಿರಿಯರಿಗೆ ಬನ್ನಿ

ವಿಜಯದಶಮಿಯಂದು ಬನ್ನಿಯ ಎಲೆಯನ್ನೇ ಬಂಗಾರವೆಂದು ಭಾವಿಸಿ ಕೊಟ್ಟು ಕೊಳ್ಳುವುದು ಉತ್ತರ ಕರ್ನಾಟಕದ ಊರೂರಿನ ವಾಡಿಕೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬಚ್ಚಿಟ್ಟುದು ಈ ಶಮೀವೃಕ್ಷದಲ್ಲಿ ಎಂಬ ಕಥೆಯನ್ನರಿಯದವರು ವಿರಳ. ಸಂಜೆ ಬನ್ನಿ ಮುಡಿದು ಬಂದ ಮೇಲೆ ಕಿರಿಯರು ಹಿರಿಯರ ಕೈಗೆ ಎಲೆಯನ್ನಿತ್ತು ಪಾದ ಮುಟ್ಟುತ್ತಾರೆ; "ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ" ಎನ್ನುತ್ತಾರೆ. ವರ್ಷದ ಮನಸ್ತಾಪಗಳೆಲ್ಲ ಅಂದಿಗೆ ಮುಗಿಯುತ್ತವೆಯೋ ಇಲ್ಲವೋ, ಮುಗಿಸುವುದಕ್ಕೊಂದು ದಿನವನ್ನಂತೂ ಹಿರಿಯರು ಗೊತ್ತುಮಾಡಿದ್ದಾರೆ.

ವಿಜಾಪುರ ಸೀಮೆಯ ಮಠವೊಂದರ ಪ್ರೌಢಶಾಲೆಯ ಮುಖ್ಯಾಧ್ಯಾಪಕರಿಗೆ ಈ ಹಬ್ಬವು ಋಣದ ಲೆಕ್ಕವನ್ನು ನೆನೆಯುವ ಹಬ್ಬವೂ ಆಗಿತ್ತು. ಪ್ರಸಾದನಿಲಯದ ಮಕ್ಕಳಿಗೆ ಮುಂಜಾನೆಯೇ ರೊಟ್ಟಿ ಬಡಿಯುವ ತಾಯಂದಿರು, ಸುಗ್ಗಿಯಲ್ಲಿ ಚಕ್ಕಡಿ ಹೂಡಿಕೊಂಡು ಬಂದು ಜೋಳ ಸುರಿದು ಹೆಸರನ್ನೂ ಬರೆಸದೆ ಹೋಗುವ ರೈತರು, ಸಂಬಳ ತಡವಾದರೂ ಪಾಠ ತಪ್ಪಿಸದ ಸಹೋದ್ಯೋಗಿಗಳು: ಇವರೆಲ್ಲ ಅಂದು ಅವರ ಮನೆಗೆ ಬರುವರು. ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಅವರು ಬನ್ನಿ ಸ್ವೀಕರಿಸುವರು, ಪ್ರತಿಯೊಬ್ಬರ ಮನೆಯವರ ಕ್ಷೇಮವನ್ನೂ ಕೇಳುವರು. ಕೃತಜ್ಞತೆ ಅವರಲ್ಲಿ ತುಂಬಿಯೇ ಇತ್ತು. ಆದರೆ ಅದು ಕುಳಿತಲ್ಲಿಂದ ಏಳುತ್ತಿರಲಿಲ್ಲ.

1972ರ ಬರಗಾಲ ಅದನ್ನು ಎಬ್ಬಿಸಿತು. ಮಳೆ ಕೈಕೊಟ್ಟು, ಇದ್ದ ಜೋಳವನ್ನು ಅಳೆದಳೆದು ಕೊಡುತ್ತಿದ್ದ ದಿನಗಳಲ್ಲಿ ಉಗ್ರಾಣದಲ್ಲಿ ಒಂದು ಚೀಲ ಕಡಿಮೆ ಬಂದಿತು. ಕೀಲಿಕೈ ಶಾಲೆಯ ಸಿಪಾಯಿಯ ಬಳಿ ಇರುತ್ತಿತ್ತು. ಮಧ್ಯಾವಧಿ ರಜೆಗೆ ಮುಂಚಿನ ದಿನ, ಪ್ರಾರ್ಥನೆಗೆ ನಿಂತ ಹುಡುಗರೆದುರಿಗೇ ಮುಖ್ಯಾಧ್ಯಾಪಕರು ಅವನನ್ನು ಆಡಬಾರದ ಮಾತು ಆಡಿದರು. ಎರಡು ದಿನ ಕಳೆದು ಮೇಜಿನ ಖಾನೆಯಲ್ಲಿ ಚೀಟಿಯೊಂದು ಸಿಕ್ಕಿತು. ತಂದೆ ಹಾಸಿಗೆ ಹಿಡಿದಿದ್ದ ವಿದ್ಯಾರ್ಥಿಯೊಬ್ಬನ ಮನೆಗೆ ಚೀಲ ಜೋಳ ಕಳುಹಿಸಬೇಕೆಂದು ತಾವೇ ಬರೆದು, ಮರೆತು, ಲೆಕ್ಕಕ್ಕೆ ಏರಿಸದೆ ಬಿಟ್ಟ ಚೀಟಿ ಅದು.

ಹಬ್ಬದ ಸಂಜೆ ಸಿಪಾಯಿ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಖ್ಯಾಧ್ಯಾಪಕರೇ ಬನ್ನಿ ಹಿಡಿದು ಅವನ ಮನೆಗೆ ಹೋದರು. ಸೇವಾಪುಸ್ತಕವನ್ನು ಅಷ್ಟರಲ್ಲಿ ನೋಡಿದ್ದರು: ಅವನು ಅವರಿಗಿಂತ ನಾಲ್ಕು ವರ್ಷ ದೊಡ್ಡವನು. ಇಷ್ಟು ವರ್ಷ ಹಿರಿಯನೊಬ್ಬನಿಂದ ಪಾದ ಮುಟ್ಟಿಸಿಕೊಂಡಿದ್ದರು!

"ಸರ, ನೀವ್ಯಾಕ ಬರಾಕ ಹೋದ್ರಿ?" ಎಂದ ಸಿಪಾಯಿ ಎದ್ದು ನಿಂತು.

"ವಯಸ್ಸಿನಾಗ ನೀವು ದೊಡ್ಡವರು. ಬನ್ನಿ ಕೊಡಾಂವ ನಾನು. ತಪ್ಪು ನಂದ ಐತಿ."

ಅವನು ಕೈ ಚಾಚಲಿಲ್ಲ. ಬಹಳ ಹೊತ್ತಿನ ಮೇಲೆ, "ಆ ಮಾತು ಹುಡುಗರ ಮುಂದ ಆಡಿದ್ರಿ" ಎಂದಷ್ಟೇ ನುಡಿದ. ಅದು ನ್ಯಾಯದ ಮಾತೇ ಆಗಿತ್ತು. ಹತ್ತು ಜನರೆದುರು ಹೋದ ಮಾನವನ್ನು ಮನೆಯ ಕತ್ತಲಲ್ಲಿ ಹೇಗೆ ಮರಳಿಸಲು ಬಂದೀತು?

ರಜೆ ಮುಗಿದು ಶಾಲೆ ತೆರೆದ ದಿನ ಪ್ರಾರ್ಥನೆಯ ಬಳಿಕ ಮುಖ್ಯಾಧ್ಯಾಪಕರು ಆ ಚೀಟಿಯನ್ನು ಗಟ್ಟಿಯಾಗಿ ಓದಿದರು; ಯಾರ ಮನೆಗೆಂಬುದನ್ನು ಮಾತ್ರ ಓದಲಿಲ್ಲ. ಬರೆದವರು ಯಾರೆಂದು ಹೇಳಿದರು, ಕ್ಷಮೆ ಕೇಳಿದರು. ಗಂಟೆಯ ಬಳಿ ನಿಂತಿದ್ದ ಸಿಪಾಯಿ ಸಾವಕಾಶವಾಗಿ ಮುಂದೆ ಬಂದು, "ಈಗ ಕೊಡ್ರಿ" ಎಂದು ಕೈಯೊಡ್ಡಿದ. ಕಿಸೆಯಿಂದ ತೆಗೆದ ಎಲೆ ಒಣಗಿಹೋಗಿತ್ತು. ಅದನ್ನೇ ಕಣ್ಣಿಗೊತ್ತಿಕೊಂಡು, ಹೋಗಿ ಮೊದಲನೆಯ ಅವಧಿಯ ಗಂಟೆ ಬಾರಿಸಿದ.

ಮರುವರ್ಷದಿಂದ ಹಬ್ಬದ ಸಂಜೆ ಪಡಸಾಲೆಯ ಆ ಕುರ್ಚಿ ಬರಿದಾಗಿಯೇ ಇರುತ್ತಿತ್ತು. ಮುಖ್ಯಾಧ್ಯಾಪಕರು ಬನ್ನಿ ಹಿಡಿದು, ರೊಟ್ಟಿ ಬಡಿಯುವ ತಾಯಂದಿರ ಓಣಿಯಿಂದ ಮೊದಲ್ಗೊಂಡು, ಮನೆಮನೆಗೆ ಹೋಗಿರುತ್ತಿದ್ದರು.